ಆಡಕಿ ಕೆರೆಯ ನೂರಾ ನಲವತ್ತು ಬಾತುಗಳು

ಸೇಡಂ ಊರಿಗೆ ತಮ್ಮ ಯೋಗ್ಯತೆ ತಿಳಿಯಲಿಲ್ಲ ಎಂಬುದು ಅಂಬಾರಾಯ ಮಾಸ್ತರರ ಬಹುಕಾಲದ ಕೊರಗು. ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ವಿಜ್ಞಾನ ಕಲಿಸಿ ಅವರು ಗಳಿಸಿದ ಬಿರುದು ಒಂದೇ: ಕಪ್ಪಿ ಮಾಸ್ತರ. (ವರ್ಷಕ್ಕೊಂದು ಕಪ್ಪೆ ಕೊಯ್ದು ತೋರಿಸಬೇಕೆಂದು ಪಠ್ಯದಲ್ಲೇ ಇತ್ತು. ಕಪ್ಪೆಗೆ ಇರಬೇಕಾದ ತಕರಾರು ಊರಿನವರಿಗೆ ಯಾಕೆ ಎಂದು ಅವರು ಕೇಳುತ್ತಿದ್ದರು.) ಮೈಸೂರು ರಾಜ್ಯ ಕರ್ನಾಟಕವಾಗಿ ಆಗ ಎರಡು ವರ್ಷವಾಗಿತ್ತು. ಅಷ್ಟು ದೊಡ್ಡ ರಾಜ್ಯವೇ ಹೆಸರು ಬದಲಿಸಿಕೊಂಡು ಎದೆಯುಬ್ಬಿಸಿ ನಿಂತಿರುವಾಗ ತಾವು ಮಾತ್ರ ಕಪ್ಪಿ ಮಾಸ್ತರರಾಗಿಯೇ ರಿಟೈರ್ ಆಗಬೇಕೇ ಎಂದು ಅವರಿಗೆ ಅನಿಸಿದ್ದರಲ್ಲಿ ತಪ್ಪಿಲ್ಲ. ಆ ಚಳಿಗಾಲದಲ್ಲಿ ಅವರು ಪಕ್ಷಿಶಾಸ್ತ್ರಜ್ಞರಾಗಲು ನಿರ್ಧರಿಸಿದರು.

ಬಂಡವಾಳ ಎರಡೇ. ಒಂದು, ಗುಲಬರ್ಗಾದ ರಸ್ತೆ ಬದಿಯಲ್ಲಿ ಸಿಕ್ಕ ಇಂಗ್ಲಿಷ್ ಹಕ್ಕಿ ಪುಸ್ತಕ. ಅದರ ಮೊದಲ ನಲವತ್ತು ಪುಟ ಹರಿದುಹೋಗಿದ್ದವು. ಉಳಿದದ್ದರಲ್ಲಿ ಮೊದಲು ಸಿಕ್ಕ ಹಕ್ಕಿ ಹೆಬ್ಬಾತು. ಹೀಗಾಗಿ ಅವರು ಹೆಬ್ಬಾತಿನ ತಜ್ಞರಾದರು. ಎರಡನೆಯದು ದುರ್ಬೀನು. ವಾಡಿಯಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಫಕೀರಸಾಬರ ಟ್ರಂಕಿನೊಳಗೆ ಹನ್ನೆರಡು ವರ್ಷದಿಂದ ಹಳೆಯ ಕಂಬಳಿ ಸುತ್ತಿಕೊಂಡು ಮಲಗಿತ್ತು. "ಒಯ್ರಿ ಮಾಸ್ತರ," ಅಂದರು ಫಕೀರಸಾಬರು, "ನನಗ ಅದರಾಗ ಏನೂ ಕಾಣಂಗಿಲ್ಲ. ನಿಮ್ಮ ಕಣ್ಣು ಚಲೋ ಅವ." ದುರ್ಬೀನು ಒಳ್ಳೇ ಗಾತ್ರದ್ದು. ಕೊರಳಿಗೆ ಹಾಕಿಕೊಂಡರೆ ಮಾಸ್ತರರು ಮುಂದಕ್ಕೆ ಬಾಗುತ್ತಿದ್ದರು. ನೋಡಿದವರಿಗೆ ವಿನಯವಂತರಂತೆ ಕಾಣುತ್ತಿದ್ದರು.

ಕಾಡುಹಕ್ಕಿ ನೋಡಬೇಕಾದರೆ ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಬೇಕು ಎಂದು ಪುಸ್ತಕದಲ್ಲಿತ್ತು. ಮಾಸ್ತರರ ಮನೆಯ ನೆಲ, ಆ ಕಡೆಯ ಎಲ್ಲ ಮನೆಗಳಂತೆ, ಶಹಾಬಾದಿ ಕಲ್ಲಿನದು. ಡಿಸೆಂಬರಿನ ನಸುಕಿನಲ್ಲಿ ಆ ಕಲ್ಲಿನ ಮೇಲೆ ಕಾಲಿಡಲು ಬೆಕ್ಕು ಕೂಡ ಹಿಂದೆಮುಂದೆ ನೋಡುತ್ತಿತ್ತು. ಮಾಸ್ತರರು ಅದರ ಮೇಲೆ ಬೋರಲು ಮಲಗಿ, ಅಡುಗೆಮನೆಯ ಹೊಸ್ತಿಲಿಗೆ ದುರ್ಬೀನು ಹಿಡಿದು, ಇಂಚಿಂಚಾಗಿ ಸರಿಯುತ್ತಿದ್ದರು.

"ಏನ್ ಕಳಕೊಂಡೀರಿ?" ಹೆಂಡತಿ ಅನಸುಬಾಯಿ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಸಪ್ಪಳ ಮಾಡಬ್ಯಾಡ. ಅಭ್ಯಾಸ ಮಾಡಲಿಕತ್ತೀನಿ."

"ಮಾಡ್ರಿ, ಯಾರು ಬ್ಯಾಡ ಅಂದಾರ. ಆ ಹಸಿ ಅರಿವಿ ಹೊಟ್ಟಿ ಬುಡಕ ಹಾಕ್ಕೊಂಡು ಮಾಡ್ರಿ. ಹ್ಯಾಂಗೂ ತೆವಳಲಿಕತ್ತೀರಿ, ನೆಲ ಒರಸಿದಂಗೂ ಆಗ್ತದ."

ವಿಜ್ಞಾನಿಯ ಮನೆಯಲ್ಲಿ ವಿಜ್ಞಾನಕ್ಕೆ ಸಿಗುವ ಪ್ರೋತ್ಸಾಹ ಇಷ್ಟೇ ಎಂದು ಮಾಸ್ತರರು ಮನಸ್ಸಿನಲ್ಲೇ ಬರೆದುಕೊಂಡರು.

ಡಿಸೆಂಬರಿನ ಮೊದಲ ವಾರ ಒಂದು ಸಂಜೆ ಅವರು ಒಬ್ಬರೇ ಬಸ್ಸು ಹತ್ತಿ ಆಡಕಿಗೆ ಹೋದರು. ಆಡಕಿ ಅನಸುಬಾಯಿಯ ತವರು. ಅಲ್ಲಿ ಅತ್ತೆ ಪೀರಮ್ಮ ಒಬ್ಬಳೇ ಮನೆ, ಹೊಲ ನೋಡಿಕೊಂಡಿದ್ದಳು. ಮಾಸ್ತರರು ಅತ್ತೆಯ ಮನೆಯ ದಾರಿ ತಪ್ಪಿಸಿ, ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ನೇರ ಕೆರೆಗೆ ನಡೆದರು. (ಅತ್ತೆ ಕೈಗೆ ಸಿಕ್ಕರೆ ಎರಡು ದಿನ ಉಣ್ಣಿಸದೆ ಬಿಡುವವಳಲ್ಲ. ಊಟ ಅರಗುತ್ತಿತ್ತು. ಅದರ ಜೊತೆ ಬಡಿಸುವ ಉಪದೇಶ ಅರಗಲು ಮಾತ್ರ ನಾಲ್ಕು ದಿನ ಬೇಕಾಗುತ್ತಿತ್ತು.) ಕೊನೆಯ ಬಸ್ಸಿಗೆ ಐದು ನಿಮಿಷ ಇತ್ತು. ಕೆರೆ ಏರಿಯ ಮೇಲೆ ನಿಂತು ದುರ್ಬೀನು ಕಣ್ಣಿಗೆ ಹಚ್ಚಿದರು. ಆಚೆ ದಂಡೆಯ ನೀರಿನ ಮೇಲೆ ಕಪ್ಪಗೆ, ಒತ್ತಾಗಿ ಹಕ್ಕಿಗಳು. ಉಸಿರು ಬಿಗಿಹಿಡಿದು ಎಣಿಸಿದರು. ನೂರಾ ನಲವತ್ತು.

ಮರುದಿನವೇ ಶಾಲಾ ಇನ್‌ಸ್ಪೆಕ್ಟರ್ ಬಂದೇಅಲಿ ಸಾಹೇಬರಿಗೆ ಮೂರು ಪುಟದ ಪತ್ರ ಹೋಯಿತು. ಬಂದೇಅಲಿ ಸಾಹೇಬರ ಹಕ್ಕಿ ಹುಚ್ಚು ಜಿಲ್ಲೆಗೆಲ್ಲ ಗೊತ್ತಿತ್ತು. ಹೋದ ವರ್ಷ ತಪಾಸಣೆಗೆ ಬಂದವರು ಮುಖ್ಯೋಪಾಧ್ಯಾಯರು ಮುಂದಿಟ್ಟ ಫೈಲುಗಳನ್ನು ಬಿಟ್ಟು ಬೇವಿನ ಮರದಲ್ಲಿದ್ದ ಒಂದು ಹಳದಿ ಹಕ್ಕಿಯನ್ನೇ ಒಂದು ತಾಸು ತಪಾಸಣೆ ಮಾಡಿ, ಶಾಲೆ ಉತ್ತಮವಾಗಿದೆ ಎಂದು ಷರಾ ಬರೆದು ಹೋಗಿದ್ದರು. ಅವರು ಈಗ ಜಿಲ್ಲೆಗೊಂದು ಪಕ್ಷಿವೀಕ್ಷಕರ ಮಂಡಳಿ ಕಟ್ಟುತ್ತಿದ್ದರು, ತಾಲೂಕಿಗೊಬ್ಬ ಕಾರ್ಯದರ್ಶಿ ಬೇಕಾಗಿತ್ತು. ಸೇಡಂ ತಾಲೂಕಿನ ಮಟ್ಟಿಗೆ ಆ ಕಾರ್ಯದರ್ಶಿ ಯಾರಾಗಬೇಕು ಎಂಬುದರಲ್ಲಿ ಮಾಸ್ತರರಿಗೆ ಯಾವ ಅನುಮಾನವೂ ಇರಲಿಲ್ಲ. ಪತ್ರದ ಕೊನೆಗೆ, 'ಈ ಪಕ್ಷಿಗಳ ಶಿಸ್ತು ಗಮನಾರ್ಹ. ನಾನು ನೋಡುತ್ತಿದ್ದ ಅಷ್ಟು ಹೊತ್ತೂ ಒಂದೂ ಅಲುಗಾಡಲಿಲ್ಲ' ಎಂದು ಸೇರಿಸಿದ್ದರು.

ಹತ್ತು ದಿನಕ್ಕೆ ಉತ್ತರ ಬಂತು. ಬರುವ ಭಾನುವಾರ ಜೀಪು ತರುತ್ತೇನೆ, ನಸುಕಿನಲ್ಲೇ ಹೊರಡೋಣ, ಮನೆಯವರನ್ನೂ ಕರೆತನ್ನಿ.

"ಮನಿಯವರು ಅಂದ್ರ ನಾನ ಹೌದಿಲ್ಲೋ?" ಅಂದಳು ಅನಸುಬಾಯಿ.

"ಅದು ಪತ್ರ ಬರಿಯೋ ರೀತಿ. ನೀ ಬಂದು ಏನ್ ಮಾಡ್ತಿ?"

"ಅವ್ವನ್ನ ನೋಡ್ತೀನಿ. ದೀಪಾವಳಿಗಿ ಹೋಗಿದ್ದು, ಮತ್ತ ಹೋಗೇ ಇಲ್ಲ. ಅಂದಂಗ ಯಾವ ಹಕ್ಕಿ ನೋಡಲಿಕ್ಕ ಹೊಂಟೀರಿ?"

ಮಾಸ್ತರರು ಪುಸ್ತಕ ತೆರೆದು ಚಿತ್ರ ತೋರಿಸಿದರು. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿ ಎರಡು ಕರೀ ಪಟ್ಟೆ. "ಇದು ಪಟ್ಟೆತಲೆ ಹೆಬ್ಬಾತು. ಹಿಮಾಲಯ ದಾಟಿ ಬರ್ತದ. ಅಲ್ಲಿ ಉಸಿರಾಡಲಿಕ್ಕ ಗಾಳಿ ಸುದ್ದಾ ಇರಂಗಿಲ್ಲ, ತಿಳೀತಿಲ್ಲೋ."

ಅನಸುಬಾಯಿ ಚಿತ್ರವನ್ನು ಒಮ್ಮೆ ನೋಡಿ ಪುಸ್ತಕ ತಿರುಗಿ ಕೊಟ್ಟಳು. "ಇವು ನಮ್ಮ ಹೊಲದಾಗ ಬರ್ತಾವಲ್ರಿ. ಕಡಲಿ ತಿಂತಾವ. ಮುಂಜಾನಿ ಹೊಲದಾಗ ಇರ್ತಾವ, ಬಿಸಿಲು ಏರಿದ ಮ್ಯಾಲ ಕೆರಿಗಿ ಹೋಗ್ತಾವ. ಅವ್ವ ಡಬ್ಬಿ ಬಡದು ಬಡದು ಬೇಸತ್ತಾಳ."

ಮಾಸ್ತರರು ನಕ್ಕರು. ತಿಳಿದವರು ತಿಳಿಯದವರ ಮುಂದೆ ನಗುವ ನಗು ಅದು. "ನೀ ನೋಡಿದ್ದು ಬಾತುಕೋಳಿ ಇರಬೇಕು. ಕಡಲಿ ತಿನ್ನಲಿಕ್ಕ ಯಾರರ ಹಿಮಾಲಯ ದಾಟಿ ಬರ್ತಾರೇನು? ಪುಸ್ತಕದಾಗ ಖರೇನ ಬರದದ, ಹಗಲಿನ್ಯಾಗ ನೀರಿನ ಮ್ಯಾಲ ಇರ್ತಾವ ಅಂತ."

"ಪುಸ್ತಕ ಬರದವರು ಏಳೋದು ತಡ ಇರಬೇಕು," ಅಂದು ಅನಸುಬಾಯಿ ಒಳಗೆ ಹೋದಳು.

ಶನಿವಾರ ಸಂಜೆ ಉಡುಪಿನ ಪ್ರಶ್ನೆ ಎದ್ದಿತು. ಹಕ್ಕಿಗಳಿಗೆ ಬಣ್ಣ ಆಗದು, ಮಣ್ಣಿನ ಬಣ್ಣದ್ದೇ ಉಡಬೇಕು ಎಂದು ಮಾಸ್ತರರ ಆಜ್ಞೆ. ತಾವಂತೂ ಖಾಕಿ ಪ್ಯಾಂಟು, ಖಾಕಿ ಅಂಗಿ, ಗೋಣಿಚೀಲದ ಬಣ್ಣದ ಸ್ವೆಟರು ತೆಗೆದಿಟ್ಟಿದ್ದರು. ತವರಿಗೆ ಹೋಗುವ ಹೆಣ್ಣು ಮಣ್ಣಿನ ಬಣ್ಣ ಉಟ್ಟರೆ ಊರವರು ಗಂಡನ ಬಗ್ಗೆ ಏನಂದಾರು ಎಂದು ಅನಸುಬಾಯಿ ಕೇಳಿದಳು. ಮಾಸ್ತರರು ತಮ್ಮ ಖಾಕಿ ಅಂಗಿಯನ್ನು ಇನ್ನೊಮ್ಮೆ ಮಡಚಿಟ್ಟರು. ನಸುಕಿನಲ್ಲಿ ಜೀಪು ಬಂದಾಗ ಅವಳು ಕುಂಕುಮಗೆಂಪಿನ ಇಳಕಲ್ ಸೀರೆ ಉಟ್ಟು, ಎರಡು ಕೈ ತುಂಬ ಹಸಿರು ಬಳೆ ತೊಟ್ಟು, ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ ಹಿಡಿದು ನಿಂತಿದ್ದಳು. ಸಣಕಲು ದೇಹದ, ಮೆದು ಮಾತಿನ ಬಂದೇಅಲಿ ಸಾಹೇಬರು ಕೆಳಗಿಳಿದು ಬುತ್ತಿಯನ್ನು ತಾವೇ ಇಸಿದುಕೊಂಡು, "ಹುಷಾರಿ ಡ್ರೈವರ್, ಇದು ಚೆಲ್ಲಬಾರದು," ಅಂದರು. ದುರ್ಬೀನಿನ ಕಡೆ ಅವರ ಲಕ್ಷ್ಯ ಹೋಗಿದ್ದು ಆಮೇಲೆ.

ಆಡಕಿ ಮುಟ್ಟಿದಾಗ ಇನ್ನೂ ಮಂಜು ಕವಿದಿತ್ತು. ಕೆರೆ ಏರಿಯ ಹತ್ತಿರ ಪೀರಮ್ಮ ಕಂಬಳಿ ಹೊದ್ದು, ಕೈಯಲ್ಲೊಂದು ಎಣ್ಣೆ ಡಬ್ಬಿ ಹಿಡಿದು ಹೊಲಕ್ಕೆ ಹೊರಟಿದ್ದಳು. ಮಗಳನ್ನು ಕಂಡು ನಿಂತಳು. ಅಳಿಯನನ್ನು ಕಂಡು, "ಅಳಿಯಾರ, ಹದಿನೈದು ದಿನದ ಹಿಂದ ಮಫ್ಲರ್ ಸುತ್ತಗೊಂಡು ಕೆರಿ ಮ್ಯಾಲ ನಿಂತಿದ್ರಂತ. ಮನಿ ದಾರಿ ಮರ್ತೀರೇನು?" ಅಂದಳು. ಮಾಸ್ತರರು ಆಕಾಶ ನೋಡಿದರು.

ಅಲ್ಲಿಂದ ಮಾಸ್ತರರು ದಂಡನಾಯಕರಾದರು. ಕೆಂಪು ಸೀರೆ, ಬಳೆ ಸಪ್ಪಳ, ಅತ್ತೆಯ ಕೆಮ್ಮು, ಈ ಮೂರೂ ಕೆರೆಯಿಂದ ದೂರ ಇರತಕ್ಕದ್ದು. "ನೀವಿಬ್ಬರೂ ಹೊಲಕ್ಕ ಹೋಗ್ರಿ. ನಾವು ಕರೆಯೋ ತನಕ ಈ ಕಡಿ ಸುಳೀಬ್ಯಾಡ್ರಿ. ಇದು ಶಾಸ್ತ್ರದ ಕೆಲಸ," ಅಂದರು. ತಾಯಿ ಮಗಳು ಮುಖ ಮುಖ ನೋಡಿಕೊಂಡು, ಏರಿಯ ಹಿಂದಿನ ಹಳ್ಳ ದಾಟಿ ತಮ್ಮ ಕಡಲೆ ಹೊಲದ ಕಡೆ ಹೋದರು. ಬುತ್ತಿಯೂ ಅವರ ಜೊತೆಗೇ ಹೋಯಿತು. ಸಾಹೇಬರು ಅದು ಮಂಜಿನಲ್ಲಿ ಮರೆಯಾಗುವ ತನಕ ನೋಡಿದರು.

ಇಬ್ಬರೂ ಏರಿಯ ಮೇಲೆ ಇಬ್ಬನಿ ಹುಲ್ಲಿನಲ್ಲಿ ಬೋರಲು ಮಲಗಿದರು. ಮಾಸ್ತರರು ಪಿಸುದನಿಯಲ್ಲಿ ಹಿಮಾಲಯದಿಂದ ಶುರು ಮಾಡಿ, ಗಂಗೆ, ನರ್ಮದೆ, ಗೋದಾವರಿ ದಾಟಿಸಿ ಹೆಬ್ಬಾತನ್ನು ಚಿಂಚೋಳಿ ಗುಡ್ಡದ ತನಕ ತಂದರು. ಅಷ್ಟರಲ್ಲಿ ಇಬ್ಬನಿ ಸ್ವೆಟರು ದಾಟಿ ಅಂಗಿಗೆ ಬಂದಿತ್ತು. ಮಂಜು ತೆಳುವಾಯಿತು. ಸಾಹೇಬರು ತಮ್ಮ ಸಣ್ಣ ದುರ್ಬೀನು ತೆಗೆದು ನೋಡಿದರು. ನೀರು ಕಂಡಿತು, ಆಪಿನ ಜೊಂಡುಹುಲ್ಲು ಕಂಡಿತು, ನೀರು ಕುಡಿಯಲು ಬಂದ ಒಂದು ಎಮ್ಮೆ ಕಂಡಿತು.

"ನನಗೇನೂ ಕಾಣವಲ್ದು, ಮಾಸ್ತರ."

"ಅಲ್ಲೇ ಅವ ಸರ್. ಆಚಿ ದಂಡಿಗಿ. ಅವತ್ತು ಎಷ್ಟಿದ್ದವೋ ಅಷ್ಟೇ ಅವ. ಎಂಥಾ ಶಿಸ್ತು ನೋಡ್ರಿ."

"ನಿಮ್ಮ ದುರ್ಬೀನು ದೊಡ್ಡದದ. ತರ್ರಿ, ಅದರಾಗ ನೋಡೂಣು."

ಸಾಹೇಬರು ಫಕೀರಸಾಬರ ದುರ್ಬೀನು ಕಣ್ಣಿಗೆ ಹಚ್ಚಿಕೊಂಡರು. "ಹೌದ್ರಿ, ಅವ," ಅಂದರು. ಮಾಸ್ತರರ ಎದೆ ಉಬ್ಬಿತು. ಕಾರ್ಯದರ್ಶಿಯ ಕುರ್ಚಿ ಕಣ್ಣಮುಂದೆ ಬಂದು ನಿಂತಿತು. ದುರ್ಬೀನು ಮೆಲ್ಲಗೆ ಆಚೆಯ ಜಾಲಿ ಗಿಡಗಳ ಕಡೆ ಹೊರಳಿತು. "ಜಾಲಿ ಗಿಡದಾಗೂ ಅವ." ಆಮೇಲೆ ಮೇಲಕ್ಕೆ ಹೋಯಿತು. "ಆಕಾಶದಾಗೂ ಅವ, ಹಾರವಲ್ಲವು ಖರೆ." ಆಮೇಲೆ ಪಕ್ಕಕ್ಕೆ ತಿರುಗಿ ಮಾಸ್ತರರ ಮೇಲೆ ಬಂದು ನಿಂತಿತು. "ನಿಮ್ಮ ಮಾರಿ ಮ್ಯಾಲ ಒಂದು ಮೂವತ್ತರ ಕುಂತಾವ, ಮಾಸ್ತರ."

ಮಾಸ್ತರರು ಗೊತ್ತಿಲ್ಲದೆ ಗಲ್ಲ ಒರಸಿಕೊಂಡರು.

ಸಾಹೇಬರು ದುರ್ಬೀನನ್ನು ತಿರುಗಿಸಿ ಗಾಜನ್ನು ಬೆಳಕಿಗೆ ಹಿಡಿದರು. "ಒಳಗ ಬೂಷ್ಟು ಹಿಡದದ. ಟ್ರಂಕಿನ್ಯಾಗ ಇಟ್ಟಿದ್ರೇನು?" ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಮಾಸ್ತರರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೂರು ಪುಟದ ಪತ್ರದ ಒಂದೊಂದು ಸಾಲೂ ಎದ್ದು ಬಂದು ಅವರ ಎದುರಿಗೆ ಸಾಲಾಗಿ ನಿಂತಿತು. ಭೂಮಿ ಬಿರಿದರೆ ಒಳಗೆ ಹೋಗಬಹುದಿತ್ತು. ಆದರೆ ಕೆರೆ ಏರಿ ಗಟ್ಟಿ, ನಿಜಾಮರ ಕಾಲದ್ದು.

ಅಷ್ಟರಲ್ಲಿ ಬೆನ್ನ ಹಿಂದಿನಿಂದ ಢಣ ಢಣ ಎಂದು ಡಬ್ಬಿಯ ಸದ್ದು ಕೇಳಿತು. ಅದರ ಮೇಲೆ ಪೀರಮ್ಮನ ಕೂಗು.

ಮಾಸ್ತರರಿಗೆ ಜೀವ ಬಂದಂತಾಯಿತು. ತಪ್ಪು ಹೊರಿಸಲು ಒಂದು ತಲೆ ಸಿಕ್ಕಿತ್ತು. "ನೋಡ್ರಿ ಸರ್, ಇದಕ್ಕ. ಇದಕ್ಕ ಬಾತು ಬರವಲ್ಲವು. ಹಿಂಗ ಡಬ್ಬಿ ಬಡದ್ರ ಯಾವ ಹಕ್ಕಿ ನಿಂದರ್ತದ? ನೀವು ಇಲ್ಲೇ ಇರ್ರಿ, ನಾ ಬಂದ್ ಮಾಡಿಸಿ ಬರ್ತೀನಿ," ಎಂದು ಎದ್ದು ಏರಿಯ ಹಿಂದೆ ಇಳಿದರು. ಹಳ್ಳದಲ್ಲಿ ಕೆರೆಯ ಬಸಿ ನೀರು ಹರಿದು ಎರೆಮಣ್ಣು ಅಂಟಂಟಾಗಿತ್ತು. ಸಿಟ್ಟಿನಲ್ಲಿ ನಾಲ್ಕು ಹೆಜ್ಜೆ ಹಾಕಿದರು, ಐದನೆಯದಕ್ಕೆ ಬಲಗಾಲಿನ ಚಪ್ಪಲಿ ಮಣ್ಣಿನೊಳಗೇ ಉಳಿಯಿತು. ಮಾಸ್ತರರು ಕಿವಿಯ ಮೇಲೆ ಮಫ್ಲರು ಬಿಗಿದುಕೊಂಡು, ಒಂಟಿಗಾಲಲ್ಲಿ ಬಗ್ಗಿ, ಮೊಣಕೈತನಕ ತೋಳು ಇಳಿಸಿ ಚಪ್ಪಲಿ ಹುಡುಕತೊಡಗಿದರು.

ಆ ಹೊತ್ತಿಗೆ ಕಡಲೆ ಹೊಲದಿಂದ ಅವು ಎದ್ದವು. ಮೊದಲು ನಾಲ್ಕು, ಆಮೇಲೆ ಹತ್ತು, ಆಮೇಲೆ ಹೊಲವೇ ಕಿತ್ತು ಎದ್ದಂತೆ ಎಲ್ಲವೂ. ಬೂದು ರೆಕ್ಕೆಗಳ ಮೇಲೆ ಹೊಸ ಬಿಸಿಲು ಬಿತ್ತು. ಹಳೇ ಬಸ್ಸಿನ ರಬ್ಬರು ಹಾರನ್ ಒತ್ತಿದಂಥ ದನಿ ಮಾಡುತ್ತ, ಉದ್ದನೆ ಸಾಲು ಕಟ್ಟಿ, ಹಳ್ಳದ ಮೇಲಿಂದ, ಏರಿಯ ಮೇಲೆ ನಿಂತ ಸಾಹೇಬರ ತಲೆಯ ಮೇಲಿಂದ, ಟೊಪ್ಪಿಗೆಗೆ ಗಾಳಿ ಬೀಸುವಷ್ಟು ಕೆಳಗೆ ಹಾಯ್ದು, ಕೆರೆಯ ನಡುವಿನ ನೀರಿಗೆ ಇಳಿದವು. ಸಾಹೇಬರು ಬಾಯಿ ತೆರೆದವರು ಮುಚ್ಚಲಿಲ್ಲ. ಕೆಸರಿನ ಮೇಲೆ ಒಂದರ ಹಿಂದೊಂದು ನೆರಳು ಹರಿದುಹೋದದ್ದನ್ನು ಮಾಸ್ತರರೂ ನೋಡಿದರು. ಮೋಡ ಇರಬೇಕು ಎಂದುಕೊಂಡರು.

ಚಪ್ಪಲಿ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ಹೊಲ ಹತ್ತಿದರೆ ಸಾಹೇಬರು ಬೇರೆ ದಾರಿಯಿಂದ ಓಡಿಬಂದು ಆಗಲೇ ಅಲ್ಲಿದ್ದರು. ಅನಸುಬಾಯಿಯ ಮುಂದೆ ಬದುವಿನ ಮೇಲೆ ಕೂತು, ತೊಡೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಬರೆದುಕೊಳ್ಳುತ್ತಿದ್ದರು.

"ಯಾವಾಗ ಬರ್ತಾವ ಅಕ್ಕಾರ?"

"ದೀಪಾವಳಿ ಆದ ಮ್ಯಾಲ ಹತ್ತು ಹದಿನೈದು ದಿನಕ್ಕ. ಶಿವರಾತ್ರಿ ಆದ್ರ ಒಂದೂ ಇರಂಗಿಲ್ಲ."

"ಇವತ್ತು ಎಷ್ಟು ಇರಬೇಕು?"

"ಎಂಬತ್ತಾರು. ಹೋದ ವರ್ಷ ಎಪ್ಪತ್ತೊಂದು ಇದ್ದವು ಅಂತಾಳ ಅವ್ವ. ಕಡಲಿ ಎಷ್ಟು ಹೋತದ ಅಂತ ಗೊತ್ತಾಗಬೇಕಲ್ರಿ, ಅದಕ್ಕ ಎಣಸ್ತಾಳ. ಎಲ್ಲಾ ತಲಿ ತಗ್ಗಿಸಿ ತಿನ್ನುವಾಗ ಎರಡು ಮಾತ್ರ ತಲಿ ಎತ್ತಿ ನಿಂತಿರ್ತಾವ, ಕಾವಲಿಗಿ. ಅವಕ್ಕ ಕೆಂಪು ಸೀರಿ ಹೆದರಿಕಿ ಇಲ್ಲ. ಯಾರರ ಬಗ್ಗಿ ತೆವಳಕೋತ ಬಂದ್ರ ಹೆದರ್ತಾವ, ನರಿ ಅಂತ ತಿಳೀತಾವೋ ಏನೋ."

ಸಾಹೇಬರು ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದರು. ಆಮೇಲೆ ತಲೆ ಎತ್ತಿ, ಒಂದು ಕಾಲಿಗೆ ಚಪ್ಪಲಿ, ಒಂದು ಕೈಯಲ್ಲಿ ಚಪ್ಪಲಿ, ಮೊಣಕೈತನಕ ಎರೆಮಣ್ಣು ಮೆತ್ತಿಕೊಂಡು ನಿಂತ ಮಾಸ್ತರರನ್ನು ಕಂಡರು. "ಮಾಸ್ತರ, ನೋಡಿದ್ರಿಲ್ಲೋ? ನಿಮ್ಮ ತಲಿ ಮ್ಯಾಲಿಂದೇ ಹೋದವು."

"ನೋಡಿದೆ ಸರ್," ಅಂದರು ಮಾಸ್ತರರು.

"ಯಾವಾಗ ನೋಡಿದ್ರಿ?" ಅಂದಳು ಅನಸುಬಾಯಿ. "ನೀವು ಹಳ್ಳದಾಗ ಬಗ್ಗಿದ್ರಿ."

ಅವರು ಏರಿಗೆ ಮರಳಿ ನೋಡುವಷ್ಟರಲ್ಲಿ ನೀರು ಕುಡಿದ ಎಮ್ಮೆ ಈಜಲು ಕೆರೆಗಿಳಿದು, ಬಾತುಗಳು ಎದ್ದು, ಚಿತ್ತಾಪುರದ ದಿಕ್ಕಿಗೆ ಚುಕ್ಕೆಯಾಗಿ ಹೋಗಿದ್ದವು. ಚುಕ್ಕೆಗಳನ್ನು ಮಾಸ್ತರರು ಬರಿಗಣ್ಣಿನಿಂದಲೇ ನೋಡಿದರು. ದುರ್ಬೀನು ಹಚ್ಚುವ ಧೈರ್ಯ ಆಗಲಿಲ್ಲ.

ಬುತ್ತಿ ಬಿಚ್ಚಿದರು. ಸಾಹೇಬರು ಐದು ರೊಟ್ಟಿ ತಿಂದು, ಪೀರಮ್ಮ ಕಿತ್ತುಕೊಟ್ಟ ಹಸಿ ಕಡಲೆಯನ್ನು ಕಿಸೆ ತುಂಬಿಕೊಂಡು, ಇಂಥ ವೀಕ್ಷಣೆ ತಮ್ಮ ಜನ್ಮದಲ್ಲಿ ಆಗಿರಲಿಲ್ಲ ಎಂದರು. ಮಾಸ್ತರರು ಹಿಂಡಿಯಲ್ಲಿ ಖಾರ ಜಾಸ್ತಿ ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜನವರಿಯಲ್ಲಿ ಮಂಡಳಿಯ ಪತ್ರ ಬಂತು. ಪೋಸ್ಟ್‌ಮನ್ ಕೈಯಿಂದ ಕಸಿದುಕೊಂಡು ಮಾಸ್ತರರು ಲಕೋಟೆ ನೋಡಿದರು. ಮೇಲೆ 'ಶ್ರೀಮತಿ ಅನಸುಬಾಯಿ, ತಾಲೂಕು ಕಾರ್ಯದರ್ಶಿ' ಎಂದು ಟೈಪು ಮಾಡಿತ್ತು. ಅವರು ವಿಳಾಸ ತಪ್ಪಾಗಿದೆ ಎಂದರು. ಅನಸುಬಾಯಿ ನಾಲ್ಕನೇ ಇಯತ್ತೆಯ ತನಕ ಓದಿದವಳು, ಕೂಡಿಸಿ ಕೂಡಿಸಿ ಓದಿ, "ತಪ್ಪಿಲ್ಲಲ್ರಿ, ನನ್ನ ಹೆಸರೇ ಅದ," ಅಂದಳು. ಮಾಸ್ತರರು ನಾಲ್ಕು ದಿನ ಪತ್ರದ ಸುದ್ದಿ ಎತ್ತಲಿಲ್ಲ. ಐದನೆಯ ದಿನ ಅದಕ್ಕೆ ಉತ್ತರ ಬರೆಯಬೇಕಾಗಿ ಬಂತು, ಏಕೆಂದರೆ ಒಳಗಿನ ಪತ್ರ ಇಂಗ್ಲಿಷಿನದು, ಮನೆಯಲ್ಲಿ ಇಂಗ್ಲಿಷು ಬರುತ್ತಿದ್ದವರು ಅವರೊಬ್ಬರೇ.

ಉತ್ತರದಲ್ಲಿ ಅನಸುಬಾಯಿ ಒಂದು ಮಾತು ಹೇಳಿ ಬರೆಸಿದ್ದಳು: ಸೇಡಂನಲ್ಲಿ ಕೂತು ಆಡಕಿಯ ಹಕ್ಕಿ ಎಣಿಸುವುದು ಕಷ್ಟ. ಮಾಸ್ತರರು ಅದನ್ನು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ತಮ್ಮ ಕಡೆಯಿಂದ ಎರಡು ವಿಶೇಷಣ ಸೇರಿಸಿ ಬರೆದರು. ಬಂದೇಅಲಿ ಸಾಹೇಬರು ಕರುಣಾಳು. ಜೂನಿನಲ್ಲಿ ಆಜ್ಞೆ ಬಂತು: ಪತ್ನಿಯ ವೀಕ್ಷಣಾ ಕಾರ್ಯದ ಅನುಕೂಲಕ್ಕಾಗಿ ಶ್ರೀ ಅಂಬಾರಾಯ ಅವರನ್ನು ಆಡಕಿ ಶಾಲೆಗೆ ವರ್ಗಾಯಿಸಲಾಗಿದೆ. ಆಡಕಿಯಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಸಿಗದಂತೆ ಪೀರಮ್ಮ ಊರೆಲ್ಲ ತಿರುಗಿ, ಮಗಳು ಅಳಿಯ ತನ್ನ ಮನೆಯಲ್ಲೇ ಇರುತ್ತಾರೆ ಎಂದು ಹೇಳಿ ಬಂದಿದ್ದಳು.

ಮುಂದಿನ ಡಿಸೆಂಬರಿನ ಒಂದು ಮುಂಜಾನೆ ಕಡಲೆ ಹೊಲದ ಬದುವಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ನಲವತ್ತು ಹೆಜ್ಜೆ ಆಚೆ ಅವು ಮೇಯುತ್ತಿದ್ದವು. ಕಿತ್ತಳೆ ಕೊಕ್ಕು, ಬಿಳಿ ತಲೆ, ಹಿಂದೆ ಎರಡು ಕರೀ ಪಟ್ಟೆ, ಪುಸ್ತಕದಲ್ಲಿದ್ದ ಹಾಗೇ, ಆದರೆ ಉಸಿರಾಡುತ್ತ. ಮಾಸ್ತರರು ಮೊದಲ ಸಲ ಅವನ್ನು ಇಷ್ಟು ಹತ್ತಿರದಿಂದ ಕಂಡದ್ದು ಆವತ್ತೇ. ಕೈಯಲ್ಲಿದ್ದ ಮಂಡಳಿಯ ಎಣಿಕೆ ಫಾರಮು ಮರೆತು ಅವರು ನೋಡಿದರು. ಆಮೇಲೆ, "ಇವು ಹಿಮಾಲಯ ದಾಟಿ..." ಎಂದು ಶುರು ಮಾಡಿದರು.

"ಸುಮ್ನಿರ್ರಿ, ಎಣಿಕಿ ತಪ್ತದ," ಅಂದಳು ಅನಸುಬಾಯಿ. ಬೆರಳು ಮಡಚಿ ಮಡಚಿ ಎಣಿಸಿ, "ತೊಂಬತ್ತೆರಡು. ಬರಕೋರಿ."

"ನಾ ತೊಂಬತ್ತು ಎಣಿಸೀನಿ."

"ಕಾವಲಿಗಿ ನಿಂತ ಎರಡೂ ಬಾತೇ ಅವಲ್ರಿ."

ಮಾಸ್ತರರು ಫಾರಮಿನಲ್ಲಿ ತೊಂಬತ್ತೆರಡು ಎಂದು ಬರೆದರು. 'ವೀಕ್ಷಕರು' ಎಂಬ ಜಾಗದಲ್ಲಿ ಹೆಂಡತಿಯ ಹೆಸರು ಬರೆದು ಸಹಿಗೆ ಕೊಟ್ಟರು. ಅವಳು ನಾಲಿಗೆ ಕಚ್ಚಿಕೊಂಡು, ದುಂಡಗೆ, ಅವಸರ ಮಾಡದೆ ಸಹಿ ಮಾಡಿದಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಜೊತೆಗಿದ್ದವರು' ಎಂಬ ಜಾಗವಿತ್ತು. ಅಲ್ಲಿ ಪೂರ್ತಿ ಹೆಸರು ಹಿಡಿಸಲಿಲ್ಲ. 'ಅಂಬಾ' ಎಂಬಲ್ಲಿಗೆ ಗೆರೆ ಮುಗಿಯಿತು.

"ಅಳಿಯಾರ," ಹಿಂದಿನಿಂದ ಪೀರಮ್ಮನ ದನಿ ಬಂತು, "ಬರೆಯೋದು ಆಗಿದ್ರ ಆ ಡಬ್ಬಿ ತಗೋರಿ. ಲೆಕ್ಕ ಹಾಕಿಸಿಕೊಂಡವು ಅಂತ ಕಡಲಿ ಎಲ್ಲಾ ಬಿಟ್ಟುಕೊಡಲಿಕ್ಕ ಆಗಂಗಿಲ್ಲ."

ಮಾಸ್ತರರು ಪೆನ್ನಿಗೆ ಟೊಪ್ಪಿಗೆ ಹಾಕಿ, ಎದ್ದು, ಡಬ್ಬಿ ಬಡಿಯತೊಡಗಿದರು.